ಗಲ್ಫ್‌ನಲ್ಲಿರುವ ನಮ್ಮವರನ್ನು ಟ್ಯಾಗ್ ಮಾಡಬೇಡಿ

ಹಾಸನದ ನನ್ನ ನೆಂಟರು, ಸ್ನೇಹಿತರಲ್ಲಿ ಒಂದು ಮನವಿ. ರಾಜಕೀಯದ, ಧರ್ಮದ ಪೋಸ್ಟ್ ಹಾಕಿ ಗಲ್ಫ್‌ನಲ್ಲಿರುವವರನ್ನು ಟ್ಯಾಗ್ ಮಾಡಬೇಡಿ. ಫ್ಯಾಮಿಲಿ ಗ್ರೂಪಿನಲ್ಲಿ ಗಲಾಟೆಯ ವಿಡಿಯೋ ಹಾಕಿ "ನೀನೇನಂತೀಯಮ್ಮ?" ಅಂತ ಕೇಳಬೇಡಿ. ನಾವು ಇಲ್ಲಿ ಸುಮ್ನೆ ಒತ್ತುವ ಬಟನ್ ಅಲ್ಲಿ ಅವರ ಕೆಲಸಕ್ಕೇ ಕುತ್ತು ತರಬಹುದು.

ನನ್ನ ತಂಗಿ ಸಂಸಾರ ಇರುವುದು ಅಬುಧಾಬಿಯಲ್ಲಿ. ಅಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗುವುದಿಲ್ಲ. ಅನುಮತಿ ಪಡೆದ ಬೋಟಿಮ್ ಥರದ ಆಪ್‌ನಲ್ಲೇ ಮಾತಾಡಬೇಕು. ಅಮ್ಮನ ಫೋನಿಗೂ ಅದನ್ನೇ ಹಾಕಿಕೊಟ್ಟಿದ್ದೇನೆ. "ವಿಪಿಎನ್ ಹಾಕ್ಕೊಳ್ಳಿ, ಏನೂ ಆಗಲ್ಲ" ಅಂತ ಇಲ್ಲಿಂದ ಬುದ್ಧಿ ಹೇಳುವವರು ಜಾಸ್ತಿ. ವಿಪಿಎನ್ ಅಂದರೆ ಎಲ್ಲಿಂದ ನೆಟ್ ಬಳಸುತ್ತಿದ್ದೇವೆ ಅನ್ನುವುದನ್ನು ಮರೆಮಾಚಿ ತಡೆ ದಾಟಿಸುವ ಆಪ್. ಅಪರಾಧ ಮಾಡಲು ವಿಪಿಎನ್ ಬಳಸಿದರೆ ಅಲ್ಲಿ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಮ್. ಯಾವುದು ಅಪರಾಧ ಅಂತ ತೀರ್ಮಾನಿಸುವವರು ನಾವಲ್ಲ, ಅಲ್ವಾ? 2022ರ ಜನವರಿಯಿಂದ ಜಾರಿಗೆ ಬಂದ ಸೈಬರ್ ಕಾನೂನಿನಲ್ಲಿ ವದಂತಿ ಹಂಚಿದರೆ ಕನಿಷ್ಠ 1 ವರ್ಷ ಜೈಲು, 1 ಲಕ್ಷ ದಿರ್ಹಮ್ ದಂಡ.

ಅದೇ ತಿಂಗಳು ಅಬುಧಾಬಿ ಮೇಲೆ ಯೆಮನ್‌ನ ಹೂತಿ ಬಂಡುಕೋರರ ದಾಳಿ ಆಯಿತು. ಸತ್ತ ಮೂವರಲ್ಲಿ ಇಬ್ಬರು ಭಾರತೀಯರು. ಟಿವಿ ನೋಡಿದ ಅಮ್ಮನಿಗೆ ಕೈಕಾಲೇ ಆಡಲಿಲ್ಲ. "ಎಲ್ಲೇ ಬಿದ್ದಿದ್ದು? ನಿಮ್ಮ ಮನೆ ಹತ್ರಾನಾ?" ಅಂತ ಕೇಳಿದರೆ ತಂಗಿ, "ಏನಿಲ್ಲಮ್ಮ, ಆರಾಮಾಗಿದ್ದೀವಿ. ಊಟ ಆಯ್ತಾ?" ಅಂದಳು. ಎಷ್ಟು ಕೇಳಿದರೂ ಅಷ್ಟೇ. ದಾಳಿಯ ವಿಡಿಯೋ ಹಂಚಿದವರನ್ನು ಅಲ್ಲಿನ ಪ್ರಾಸಿಕ್ಯೂಷನ್ ವಿಚಾರಣೆಗೆ ಕರೆಸಿದ ಸುದ್ದಿ ಆಮೇಲೆ ಬಂತು. ಮುಂದೆ ರಜೆಗೆ ಬಂದಾಗ, ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಾ, ಆ ದಿನ ಎಷ್ಟು ಹೆದರಿದ್ದೆವು ಅಂತ ಅಮ್ಮನಿಗೆ ಹೇಳಿದಳು. ಹೆತ್ತ ತಾಯಿ ಹತ್ತಿರ ಭಯ ಹೇಳಿಕೊಳ್ಳಲು ವಿಮಾನ ಹತ್ತಿ ಬರಬೇಕಾಯಿತು.

"ಅಲ್ಲಿ ಶಿಸ್ತಿದೆ ಸಾರ್, ಯಾರೂ ಬಾಯಿಗೆ ಬಂದಂಗೆ ಮಾತಾಡಲ್ಲ" ಅಂತ ಮೆಚ್ಚಿಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಆಲೂರು, ಸಕಲೇಶಪುರದ ಕಡೆ ತೋಟಕ್ಕೆ ಆನೆ ನುಗ್ಗಿ ಯಾರಾದರೂ ಸತ್ತರೆ ಜನ ಏನು ಮಾಡುತ್ತಾರೆ? ರಸ್ತೆಯಲ್ಲಿ ಕೂರುತ್ತಾರೆ, ಲೈವ್ ಹೋಗುತ್ತಾರೆ, ಮಂತ್ರಿ ಬರಲಿ ಅಂತ ಪಟ್ಟು ಹಿಡಿಯುತ್ತಾರೆ. ಅಷ್ಟು ಕೂಗಾಡಿದ ಮೇಲೇ ಪರಿಹಾರದ ಫೈಲು ಅಲುಗಾಡುವುದು. ಬಾಯಿ ಮುಚ್ಚಿಸಿದ ಕಡೆ ರಸ್ತೆ ಚೆನ್ನಾಗಿರಬಹುದು. ಅನ್ಯಾಯ ಆದಾಗ ಹೇಳುವವರು ಯಾರು?

ಸೌದಿಯ ಸಲ್ಮಾ ಅಲ್-ಶೆಹಾಬ್ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. ರಜೆಗೆಂದು ಊರಿಗೆ ಹೋದಾಗ ಬಂಧಿಸಿದರು. ಟ್ವೀಟ್‌ಗಳಿಗಾಗಿ 2022ರಲ್ಲಿ ಕೊಟ್ಟ ಶಿಕ್ಷೆ 34 ವರ್ಷ! ಆಮೇಲೆ ಕಡಿಮೆಯಾಗಿ, 2025ರಲ್ಲಿ ಹೊರಬಂದರು. ಇಬ್ಬರು ಮಕ್ಕಳ ತಾಯಿ. ನಮ್ಮ ಕರಾವಳಿಯ ಒಬ್ಬ ಕೆಲಸಗಾರ ಸೌದಿಯಲ್ಲೇ ಒಂದೂವರೆ ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು. ಅವರ ಹೆಸರಲ್ಲಿ ನಕಲಿ ಖಾತೆ ತೆರೆದು ಪೋಸ್ಟ್ ಹಾಕಿದ್ದು ಬೇರೆಯವರು, ಅದೂ ಇಲ್ಲಿ ಕೂತು. ಇದನ್ನು ಓದಿದ ದಿನದಿಂದ ನನಗೆ ಟ್ಯಾಗ್ ಅಂದರೆ ಹೆದರಿಕೆ.

ನಮ್ಮ ದೇಶದಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಆನ್‌ಲೈನಿನಲ್ಲಿ ಹಾಕಿದ ಪೋಸ್ಟಿಗೆ ಕೇಸು ಹಾಕಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು. ಆದರೂ ಪೊಲೀಸರು ಅದೇ ಕಲಂ ಹಾಕಿ ಕೇಸು ಮಾಡುತ್ತಲೇ ಇದ್ದರು. 2022ರಲ್ಲಿ ಕೋರ್ಟು ಮತ್ತೆ ಹೇಳಬೇಕಾಯಿತು. ಆದರೆ ಕೋರ್ಟಿಗೆ ಹೋಗಿ ಕೇಳುವ ದಾರಿಯಾದರೂ ನಮಗಿದೆ. ಅದನ್ನು ಬಿಟ್ಟುಕೊಡಬಾರದು.

ಚುನಾವಣೆ ಬಂದಾಗ ಗ್ರೂಪುಗಳು ಕಾವೇರುತ್ತವೆ. ಜಗಳಕ್ಕೆ ಬೇರೆ ಗ್ರೂಪ್ ಮಾಡಿಕೊಳ್ಳಿ, ಹೊರದೇಶದಲ್ಲಿರುವವರನ್ನು ಅದಕ್ಕೆ ಸೇರಿಸಬೇಡಿ. ಅವರು ಉತ್ತರ ಕೊಡದಿದ್ದರೆ "ದುಡ್ಡು ಬಂದ ಮೇಲೆ ದೊಡ್ಡೋರಾಗಿಬಿಟ್ರು" ಅಂತ ಮುನಿಸಿಕೊಳ್ಳಬೇಡಿ. ಊರಿಗೆ ಬಂದಾಗ ಕೂರಿಸಿಕೊಂಡು ಕೇಳಿ, ಎಲ್ಲ ಹೇಳುತ್ತಾರೆ.