ಬೂದು ಚೌಕದ ಕಲಾವಿದರಿಗೊಂದು ಸನ್ಮಾನಪತ್ರ

ಲಂಡನ್ನಿನ ನ್ಯಾಯಾಲಯದ ಗೋಡೆಯನ್ನು ಉಜ್ಜಿದವರಿಗೆ ಇನ್ನೂ ಯಾರೂ ಹಾರ ಹಾಕಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೀದಿಗೋಡೆಗಳ ಕಲಾವಿದ ಬ್ಯಾಂಕ್ಸಿ ಬಿಡಿಸಿಹೋದ ಆ ಚಿತ್ರ, ಪ್ರತಿಭಟನಕಾರನಿಗೆ ಸುತ್ತಿಗೆ ಎತ್ತಿದ ನ್ಯಾಯಾಧೀಶ, ಎಲ್ಲರೂ ನೋಡಿದ್ದೇ. ಮೊದಲು ಕಪ್ಪು ಪ್ಲಾಸ್ಟಿಕ್ ಹೊದಿಸಿದರು, ಕಾವಲಿಟ್ಟರು, ಕೊನೆಗೆ ಉಜ್ಜಿದರು. ಬಣ್ಣ ಹೋಯಿತು, ನೆರಳು ಉಳಿಯಿತು. ಮೂಲಕ್ಕಿಂತ ಆ ನೆರಳೇ ಹೆಚ್ಚು ಭಯ ಹುಟ್ಟಿಸುವಂತಿತ್ತು. ಸರ್ಕಾರಿ ಖರ್ಚಿನಲ್ಲಿ ಇಷ್ಟು ಒಳ್ಳೆಯ ತಿದ್ದುಪಡಿ ಮಾಡಿಸಿಕೊಂಡ ಕಲಾವಿದ ಇನ್ನೊಬ್ಬನಿರಲಾರ.

ಸಾಮಾನ್ಯ ಟ್ಯಾಗುಗಳಿಗೆ, ಅಂದರೆ ಗೋಡೆಯ ಮೇಲೆ ಗೀಚಿದ ಹೆಸರುಗಳಿಗೆ, ಇಂಥ ರಾಜೋಪಚಾರವಿಲ್ಲ ಎಂಬುದು, ಅವುಗಳ ಫೋಟೊ ತೆಗೆಯುತ್ತ ಗೋಡೆ ಗೋಡೆ ಸುತ್ತುವ ನನ್ನಂಥವರಿಗೆ ಗೊತ್ತು. ಅವುಗಳ ಪಾಲಿಗೆ ಒಂದು ರೋಲರ್, ಒಂದು ಡಬ್ಬಿ ಬೂದು ಬಣ್ಣ. ಗೋಡೆ ಕೆಂಪಾದರೂ ಬೂದು, ಹಳದಿಯಾದರೂ ಬೂದು. ಅಲ್ಲಿ ಏನೋ ಇತ್ತು ಎಂದು ಬೀದಿಯ ಆ ತುದಿಗೂ ಸಾರಿ ಹೇಳುವ ಅಚ್ಚುಕಟ್ಟಾದ ಚೌಕ. ಸ್ಪ್ರೇ ಡಬ್ಬಿ ಹಿಡಿದವನಿಗೆ ಅದಕ್ಕಿಂತ ನುಣುಪಾದ ಜಾಗ ಎಲ್ಲಿ ಸಿಗಬೇಕು? ಮತ್ತೆ ಅದೇ ಕೈ, ಅದೇ ಉದ್ದ ಬಾಲದ ಅಕ್ಷರ, ಈ ಸಲ ತುಸು ದೊಡ್ಡದಾಗಿ. ಮತ್ತೆ ರೋಲರ್. ಒಂದೇ ಗೋಡೆಯ ಫೋಟೊಗಳನ್ನು ಸಾಲಾಗಿಟ್ಟರೆ, ಇಬ್ಬರು ಹಟಮಾರಿಗಳ ಪತ್ರವ್ಯವಹಾರ ಓದಿದಂತಾಗುತ್ತದೆ.

ಕಾವಲುಗಾರರು ಕೇಳುವುದು ನನ್ನನ್ನೇ: ಗೋಡೆಯ ಫೋಟೊ ಯಾಕೆ? ಪಕ್ಕದಲ್ಲೇ ನಾಲ್ಕು ಮಹಡಿ ಎತ್ತರದ ಜಾಹೀರಾತು ಫಲಕ ನಗುತ್ತಿರುತ್ತದೆ. ಅದರತ್ತ ಕ್ಯಾಮೆರಾ ತಿರುಗಿಸಿದರೆ ಯಾರೂ ಏನೂ ಕೇಳುವುದಿಲ್ಲ.

ಹೆಸರಿನ ಹಸಿವು ಹೊಸದೇನಲ್ಲ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ‘ಟಾಕಿ 183’ ಎಂಬ ಹುಡುಗನ ಬಗ್ಗೆ ಬರೆಯಿತು. ಅವನು 183ನೆಯ ಬೀದಿಯವನು, ಕಾಗದಪತ್ರ ತಲುಪಿಸುವ ಕೆಲಸದವನು, ಹೋದಲ್ಲೆಲ್ಲ ಹೆಸರು ಗೀಚಿದವನು. ಅವನಿಗಿಂತ ಮೊದಲೇ ಫಿಲಡೆಲ್ಫಿಯಾದಲ್ಲಿ ‘ಕಾರ್ನ್‌ಬ್ರೆಡ್’ ಇದ್ದ. ತಾನು ಸತ್ತೆನೆಂದು ಪತ್ರಿಕೆಯಲ್ಲಿ ತಪ್ಪು ಸುದ್ದಿ ಬಂದಾಗ, ಮೃಗಾಲಯಕ್ಕೆ ನುಗ್ಗಿ ಆನೆಯ ಮೈಮೇಲೆ ‘ಕಾರ್ನ್‌ಬ್ರೆಡ್ ಬದುಕಿದ್ದಾನೆ’ ಎಂದು ಬರೆದೆ ಎನ್ನುವುದು ಅವನೇ ಹೇಳಿಕೊಂಡ ಕತೆ. ಆನೆಗೆ ಬೂದು ಬಳಿಯುವ ತೊಂದರೆ ಯಾರಿಗೂ ಇರಲಿಲ್ಲ. ಅದು ಹುಟ್ಟಿನಿಂದಲೇ ನಿಯಮಬದ್ಧ ಪ್ರಾಣಿ.

ಆದರೆ ಕಿರೀಟ ಸಲ್ಲಬೇಕಾದದ್ದು ಇಂಗ್ಲೆಂಡಿನ ಕ್ಲ್ಯಾಕ್ಟನ್‌ಗೆ. 2014ರಲ್ಲಿ ಅಲ್ಲಿ ಬ್ಯಾಂಕ್ಸಿ ಬಿಡಿಸಿದ್ದು ವಲಸೆ ಹಕ್ಕಿಯೊಂದಕ್ಕೆ ‘ತೊಲಗು’ ಎಂದು ಫಲಕ ಹಿಡಿದ ಪಾರಿವಾಳಗಳನ್ನು. ಜನಾಂಗೀಯ ದ್ವೇಷದ ಚಿತ್ರವೆಂದು ದೂರು ಬಂತು, ಸ್ಥಳೀಯ ಆಡಳಿತ ಅಳಿಸಿತು. ಬಿಡಿಸಿದ್ದು ಯಾರೆಂದು ತಿಳಿದ ಮೇಲೆ, ಅವರು ಮರಳಿ ಬಂದು ಸೂಕ್ತವಾದದ್ದೊಂದನ್ನು ಬಿಡಿಸಿದರೆ ಸಂತೋಷ ಎಂದಿತು.

ಸೂಕ್ತವಾದದ್ದು! ನಗು ಇಲ್ಲಿಗೆ ಸಾಕು. ಬಡ ಅಂಗಡಿಯವನ ಷಟರ್ ಮೇಲೆ ಗೀಚುವವನ ಬಗ್ಗೆ ನನಗೆ ಪ್ರೀತಿಯಿಲ್ಲ. ಬೆಳಗ್ಗೆ ಅದನ್ನು ತಿಕ್ಕುವವನು ಅಂಗಡಿಯವನೇ. ಆದರೆ ಗೀಚಿದವನು ಹೆಸರುವಾಸಿಯೆಂದು ತಿಳಿದೊಡನೆ ಅದೇ ಅಪರಾಧಕ್ಕೆ ಗಾಜಿನ ಕವಚ ಹಾಕುತ್ತಾರೆ, ಗೋಡೆಯನ್ನೇ ಕೊಯ್ದು ಹರಾಜಿಗೆ ಒಯ್ಯುತ್ತಾರೆ. ಹಾಗಾದರೆ ಇಷ್ಟು ವರ್ಷ ಸ್ವಚ್ಛತೆಯ ಹೆಸರಿನಲ್ಲಿ ನಮಗೆ ಹೇಳಿದ್ದೆಲ್ಲ ಏನು? ಅಳಿಸುವುದಾದರೆ ಎಲ್ಲರದನ್ನೂ ಅಳಿಸಿ. ಅದಾಗದಿದ್ದರೆ, ಕನಿಷ್ಠ ಗೋಡೆಯ ಬಣ್ಣಕ್ಕೆ ಹೊಂದುವ ಡಬ್ಬಿಯನ್ನಾದರೂ ಕೊಳ್ಳಿ.