ಬಿತ್ತನೆ ಆಲೂಗಡ್ಡೆಯೂ ಬಿ.ಇ. ಪದವಿಯೂ

ಹಾಸನದ ಎಪಿಎಂಸಿ ಅಂಗಳದಲ್ಲಿ ಮೇ ತಿಂಗಳ ಬಿಸಿಲಿಗೆ ನಿಂತು ಬಿತ್ತನೆ ಆಲೂಗಡ್ಡೆ ಕೊಳ್ಳುವ ನನ್ನ ಭಾವನನ್ನು ನೀವು ಒಮ್ಮೆ ನೋಡಬೇಕು. ಜಲಂಧರದಿಂದ ಬಂದ ಮೂಟೆಯನ್ನು ಬಿಚ್ಚಿಸಿ, ತಳದಿಂದ ಒಂದು ಗಡ್ಡೆಯನ್ನು ಎಳೆದು, ಚಾಕುವಿನಿಂದ ಎರಡು ಹೋಳು ಮಾಡಿ, ಒಳಗೆ ಕಂದು ಉಂಗುರವೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು, ಮೂಸಿ, ಕಣ್ಣುಗಳನ್ನು ಎಣಿಸಿ, ಹೋದ ವರ್ಷ ಅಂಗಮಾರಿ ರೋಗಕ್ಕೆ ಸುರಿದ ಔಷಧಿಯ ಖರ್ಚನ್ನೆಲ್ಲ ವರ್ತಕನಿಗೆ ಒಪ್ಪಿಸಿ, ಮೂಟೆಗೆ ಐವತ್ತು ರೂಪಾಯಿಯಾದರೂ ಇಳಿಸದೆ ಅವರು ಅಲ್ಲಿಂದ ಕದಲುವುದಿಲ್ಲ. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಇದೇ ಭಾವ ಮಗನ ಎಂಜಿನಿಯರಿಂಗ್ ಸೀಟಿಗೆಂದು ಆರು ಲಕ್ಷ ರೂಪಾಯಿ ಸಾಲದ ಪತ್ರಗಳಿಗೆ ಸಹಿ ಹಾಕಿದ್ದು ಮೇಜಿನ ಮೇಲಿದ್ದ ಕಾಫಿ ಆರುವುದರೊಳಗೆ.

ಅವರು ಏನನ್ನೂ ಪರೀಕ್ಷಿಸಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್ ಅನ್ನು ಕತ್ತೆತ್ತಿ ಓದಿದ್ದರು. ಅದರಲ್ಲಿ ಸೂಟು ತೊಟ್ಟ ಒಬ್ಬ ಹುಡುಗನ ಮುಖವೂ ಅದರ ಕೆಳಗೆ ನಲವತ್ತು ಚಿಲ್ಲರೆ ಲಕ್ಷದ 'ಅತ್ಯಧಿಕ ಪ್ಯಾಕೇಜ್' ಎಂಬ ಮಾತೂ ಇದ್ದವು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ಕೆಲಸ ಸಿಕ್ಕವರ ಮಧ್ಯಮ ಸಂಬಳವನ್ನು, ಅಂದರೆ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಹುಡುಗನ ಸಂಬಳವನ್ನು, ಒಪ್ಪಿಸಬೇಕಾಗುತ್ತದೆ. ಆ ಅಂಕಿ ಕಾಲೇಜಿನ ಜಾಲತಾಣದ ಯಾವುದೋ ಮೂಲೆಯಲ್ಲಿ ಪಿಡಿಎಫ್ ರೂಪದಲ್ಲಿ ಸುಖವಾಗಿ ಮಲಗಿರುತ್ತದೆ. ಅದನ್ನು ಫ್ಲೆಕ್ಸ್ ಮಾಡಿಸಿದ ಕಾಲೇಜನ್ನು ನಾನಂತೂ ಕಂಡಿಲ್ಲ. ಮೂಟೆಯ ಮೇಲಿನ ಗಡ್ಡೆಯನ್ನು ಎಂದೂ ನಂಬದ ಭಾವ ಇಲ್ಲಿ ಮೇಲಿನ ಗಡ್ಡೆಯೊಂದನ್ನೇ ನೋಡಿ ಇಡೀ ಲೋಡನ್ನು ಕೊಂಡರು.

ಬ್ಯಾಂಕಿನಲ್ಲಿ ಅವರಿಗೆ ಬಹಳ ಹಿಡಿಸಿದ ಸಂಗತಿಯೆಂದರೆ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡವೆಂಬುದು. "ಪಹಣಿ ಕೂಡ ಕೇಳಲಿಲ್ಲ ಕಣಯ್ಯ, ಓದು ಅಂದ್ರೆ ಬ್ಯಾಂಕಿನೋರಿಗೂ ಎಷ್ಟು ಮರ್ಯಾದೆ ನೋಡು," ಎಂದರು. ಸಹ ಸಾಲಗಾರ ಎಂಬ ಜಾಗದಲ್ಲಿ ತಾವೇ ಸಹಿ ಮಾಡಿದ್ದನ್ನು ಅವರು ಮರ್ಯಾದೆಯ ಭಾಗವೆಂದೇ ತಿಳಿದಿದ್ದರು. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ, ಮಗನ ಸಾಲಕ್ಕೆ ಶೇಕಡ 10 ಇದೆ. ಆಲೂಗಡ್ಡೆಗಿಂತ ಎಂಜಿನಿಯರ್ ಹೆಚ್ಚು ಬಾಳುವವನಾದ್ದರಿಂದ ಬಡ್ಡಿಯೂ ಹೆಚ್ಚಿರಬೇಕೆಂದು ನಾವಿಬ್ಬರೂ ಒಪ್ಪಿಕೊಂಡೆವು. ನನ್ನ ಅಕ್ಕ ಶಿಕ್ಷಕಿಯಾದ್ದರಿಂದ ಸರ್ಕಾರ ಕೊಡುವ ಬಡ್ಡಿ ಸಹಾಯಧನಕ್ಕಿರುವ ವರ್ಷಕ್ಕೆ 4.5 ಲಕ್ಷದ ಆದಾಯಮಿತಿಯನ್ನು ಮನೆ ಎಂದೋ ದಾಟಿತ್ತು.

ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತು ಕಟ್ಟಬೇಕಿಲ್ಲವೆಂಬುದು ಇನ್ನೊಂದು ಸಂತೋಷ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ನಮ್ಮ ಹಾಸನಾಂಬೆಯ ಗರ್ಭಗುಡಿಯಲ್ಲಿ, ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮರುವರ್ಷದವರೆಗೂ ಉರಿಯುತ್ತಿರುತ್ತದೆಂಬ ನಂಬಿಕೆ ಊರಿನಲ್ಲಿದೆ. ಅದನ್ನು ಅನುಮಾನಿಸುವ ವಿಚಾರವಾದಿಗಳು ದಯವಿಟ್ಟು ಬ್ಯಾಂಕಿಗೆ ಹೋಗಿ ನೋಡಬೇಕು: ಅಲ್ಲಿ ಐದು ವರ್ಷ ಬಾಗಿಲು ಹಾಕಿದ್ದರೂ ಬಡ್ಡಿಯ ದೀಪ ಒಂದು ದಿನವೂ ಆರುವುದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ಸಲ ಪಡೆದ ಆರು ಲಕ್ಷ, ಬಾಗಿಲು ತೆರೆಯುವಾಗ ಬರಿಯ ಸರಳ ಬಡ್ಡಿಯಲ್ಲೇ 8.10 ಲಕ್ಷವಾಗಿ ಕುಳಿತಿತ್ತು. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ 8,700, ಆದರೆ ಒಟ್ಟು ಕಟ್ಟುವುದು 15 ಲಕ್ಷ 66 ಸಾವಿರ. ಕೊನೆಯ ಕಂತಿನ ಹೊತ್ತಿಗೆ ಹುಡುಗನಿಗೆ ಮೂವತ್ತೆಂಟಾಗಿರುತ್ತದೆ.

ಹುಡುಗನಿಗೆ ಕೆಲಸ ಸಿಗಲಿಲ್ಲವೆಂದಲ್ಲ, ಬೆಂಗಳೂರಿನಲ್ಲಿ ಮೂರೂವರೆ ಲಕ್ಷದ ಪ್ಯಾಕೇಜ್ ಸಿಕ್ಕಿತು, ಊರಿನಲ್ಲಿ ಹೋಳಿಗೆ ಊಟವೂ ಆಯಿತು. ಪ್ಯಾಕೇಜ್ ಎಂಬುದು ಸಂಬಳವಲ್ಲವೆಂದು ತಿಳಿದದ್ದು ಮೊದಲ ಪೇ ಸ್ಲಿಪ್ ಬಂದಾಗ. ಕಂಪನಿಯು ಪಿಎಫ್‌ಗೆ ಕಟ್ಟುವ ತನ್ನ ಪಾಲು, ಐದು ವರ್ಷ ದುಡಿದ ಮೇಲೆ ಕಾಣುವ ಗ್ರಾಚ್ಯುಟಿ, ವಿಮೆಯ ಕಂತು, ಮ್ಯಾನೇಜರು ಮೆಚ್ಚಿದರೆ ಬರುವ 'ವೇರಿಯಬಲ್', ಎಲ್ಲವೂ ಅದರೊಳಗಿದ್ದವು. ಪಿಎಫ್‌ಗೆ ಹುಡುಗನ ಪಾಲು ಹೋಗಿ, 200 ರೂಪಾಯಿ ವೃತ್ತಿ ತೆರಿಗೆಯೂ ಹೋಗಿ, ಕೈಗೆ ಬಂದದ್ದು 24 ಸಾವಿರ. ಪಿಜಿಗೆ 9,000, ಕಂತಿಗೆ 10,700. ಉಳಿದ 4,300 ರೂಪಾಯಿಯಲ್ಲಿ ಅವನು ಸಿಲಿಕಾನ್ ಕಣಿವೆಯ ವೈಭವವನ್ನು ಅನುಭವಿಸಬಹುದು.

ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಕೊಟ್ಟಿದೆ. ಮೂರೂವರೆ ಲಕ್ಷಕ್ಕೆ ತೆರಿಗೆಯೇ ಬರುವುದಿಲ್ಲ. ಆದ್ದರಿಂದ ನಮ್ಮ ಹುಡುಗ ತಾನು ಕಟ್ಟಬೇಕಿಲ್ಲದ ತೆರಿಗೆಯಲ್ಲಿ ಪೂರ್ತಿ ರಿಯಾಯಿತಿ ಪಡೆಯುತ್ತಿದ್ದಾನೆ. ಇಷ್ಟು ಉದಾರವಾದ, ಬೊಕ್ಕಸಕ್ಕೆ ಇಷ್ಟು ಹಗುರವಾದ ಯೋಜನೆ ಬೇರೊಂದಿರಲಾರದು.

ಹೋದ ವಾರ ಮತ್ತೆ ಭಾವನ ಜೊತೆ ಎಪಿಎಂಸಿಗೆ ಹೋಗಿದ್ದೆ. ಮಗ ಆ ತಿಂಗಳು ಕಂತಿಗೆ ಐದು ಸಾವಿರ ಕಡಿಮೆ ಬಿದ್ದಿದೆಯೆಂದು ಫೋನ್ ಮಾಡಿದ್ದ. ಬೀಜಕ್ಕೆಂದು ತಂದ ಹಣದಿಂದಲೇ ಭಾವ ಅದನ್ನು ಕಳುಹಿಸಿದ್ದರು. ಆಮೇಲೆ ಗಡ್ಡೆಯೊಂದನ್ನು ಕೊಯ್ದು, ಬೆಳಕಿಗೆ ಹಿಡಿದು, ತಲೆಯಾಡಿಸಿ, "ಇದ್ಯಾಕೋ ಸರಿ ಇಲ್ಲ, ಬೇರೆ ಮೂಟೆ ಬಿಚ್ಚಪ್ಪ" ಎಂದರು. ಅಂಗಡಿಯ ಆಳು ಮೂಟೆಯ ಹೊಲಿಗೆ ಬಿಚ್ಚುವಷ್ಟರಲ್ಲಿ ನನ್ನ ಕಡೆ ತಿರುಗಿ, ಎರಡನೆಯ ಪಿಯುಸಿ ಓದುತ್ತಿರುವ ಮಗಳನ್ನು ನೆನೆದು ಕೇಳಿದರು: "ಅದೇನೋ ಎಐ ಅಂತ ಹೊಸ ಬ್ರಾಂಚು ಬಂದಿದ್ಯಂತಲ್ಲ, ಅದಕ್ಕೆ ಸಾಲ ಇನ್ನೂ ಜಾಸ್ತಿ ಕೊಡ್ತಾರಾ?"