ಎರಡು ಅಡಾಪ್ಟರ್‌ಗಳ ಪ್ರಸಂಗ

ಸಂಜೆ 6 ಗಂಟೆಗೆ ಆರಂಭವಾಗಬೇಕಿದ್ದ ಉಪನ್ಯಾಸದ ವಿಷಯ ‘ವ್ಯವಸ್ಥೆಗಳು ಏಕೆ ಕೈಕೊಡುತ್ತವೆ’ ಎಂದಿತ್ತು. 6 ಗಂಟೆ 47 ನಿಮಿಷದ ಹೊತ್ತಿಗೆ, ಉಪನ್ಯಾಸಕಿ ಇನ್ನೂ ಬಾಯಿ ತೆರೆಯುವ ಮೊದಲೇ, ಸಭಿಕರೆಲ್ಲರಿಗೂ ವಿಷಯ ಚೆನ್ನಾಗಿ ಮನದಟ್ಟಾಗಿತ್ತು.

ನಮ್ಮದು ಎಂಜಿನಿಯರುಗಳ ವೃತ್ತಿಪರ ಸಂಘವೊಂದರ ಸ್ಥಳೀಯ ಶಾಖೆ. ನಾನು ಅದರ ಕಾರ್ಯದರ್ಶಿ. ನಿಯಮಾವಳಿಯ ಪ್ರಕಾರ ಕಾರ್ಯದರ್ಶಿಯೆಂದರೆ ಶಾಖೆಯ ತಾಂತ್ರಿಕ ಚಟುವಟಿಕೆಗಳನ್ನು ಸಂಯೋಜಿಸುವವನು. ನಡೆದುಬಂದ ರೂಢಿಯ ಪ್ರಕಾರ ಕುರ್ಚಿ ಎಣಿಸುವವನು. ಈ ಉಪನ್ಯಾಸಕ್ಕೆ 86 ಮಂದಿ ಹೆಸರು ನೋಂದಾಯಿಸಿದ್ದರು. ಎಂಜಿನಿಯರುಗಳ ಸಮಿತಿಯಾದ್ದರಿಂದ ಆ ಸಂಖ್ಯೆಗೆ 1.5ರ ಸುರಕ್ಷತಾ ಗುಣಾಂಕ ಹಚ್ಚಿ, ಬಂದ 129ನ್ನು 130ಕ್ಕೆ ಏರಿಸಿ, ಅಷ್ಟು ಕುರ್ಚಿಗಳನ್ನು ಹಾಕಿಸಲಾಯಿತು. ಬಂದವರು 31 ಮಂದಿ. ಸೇತುವೆಗಳ ಲೆಕ್ಕದಲ್ಲಿ ಜೀವ ಉಳಿಸುವ ಈ ಗುಣಾಂಕವು ಸಭಾಂಗಣದಲ್ಲಿ 99 ಖಾಲಿ ಕುರ್ಚಿಗಳನ್ನು ಉಳಿಸುತ್ತದೆಂಬುದನ್ನು ನಾನು ಬಲ್ಲೆ, ಏಕೆಂದರೆ ಅವುಗಳನ್ನು ಮರಳಿ ಜೋಡಿಸಿಟ್ಟವನೂ ನಾನೇ. ಬಂದವರಾದರೂ ಮುಂದೆ ಕುಳಿತರೇ ಎಂದರೆ ಅದೂ ಇಲ್ಲ. ಮುಕ್ಕಾಲು ಪಾಲು ಜನ ಕೊನೆಯ ಎರಡು ಸಾಲುಗಳಲ್ಲಿ, ಬಾಗಿಲಿಗೆ ಹತ್ತಿರವಾಗಿ ನೆಲೆಸಿದರು.

ಮೊದಲು ಕೈಕೊಟ್ಟದ್ದು ಮೈಕಿನ ಕಂಬ. ಅಧ್ಯಕ್ಷರು ಸ್ವಾಗತ ಭಾಷಣಕ್ಕೆ ನಿಂತಾಗ ಮೈಕು ಅವರ ಗಲ್ಲದ ಮಟ್ಟಕ್ಕಿತ್ತು. ಕಂಬದ ನಡುವಿನ ತಿರುಪಿನ ಹಿಡಿತ ಸವೆದಿದ್ದುದರಿಂದ, ಅದು ಯಾರ ಕಣ್ಣಿಗೂ ಬೀಳದಷ್ಟು ನಿಧಾನವಾಗಿ ಕೆಳಗಿಳಿಯತೊಡಗಿತು. ಮಾತು ನಿಲ್ಲಿಸುವುದು ಸಭ್ಯತೆಯಲ್ಲವೆಂದು ಭಾವಿಸಿದ ಅಧ್ಯಕ್ಷರೂ ಅದರೊಂದಿಗೆ ಇಳಿಯತೊಡಗಿದರು. ಸಂಘದ ಧ್ಯೇಯೋದ್ದೇಶಗಳನ್ನು ಹೇಳುವಾಗ ಅವರ ಕತ್ತು ಬಾಗಿತ್ತು, ಹಿಂದಿನ ವರ್ಷದ ಸಾಧನೆಗಳಿಗೆ ಬರುವಷ್ಟರಲ್ಲಿ ಸೊಂಟ ಬಾಗಿತ್ತು, ಉಪನ್ಯಾಸಕಿಯ ಪರಿಚಯ ಮುಗಿಯುವಾಗ ಅವರು ಬೀಗದ ಕಂಡಿಯೊಳಗೆ ಇಣುಕುತ್ತಿರುವವರಂತೆ ಕಾಣುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಮೆಕ್ಯಾನಿಕಲ್ ವಿಭಾಗದ ಹಿರಿಯ ಸದಸ್ಯರಿಬ್ಬರು ಇದನ್ನು ಅತ್ಯಂತ ಆಸಕ್ತಿಯಿಂದ ಗಮನಿಸುತ್ತಿದ್ದರು. ‘ಕ್ರೀಪ್’ ಎಂದರು ಒಬ್ಬರು, ಮೆಲ್ಲಗೆ. ‘ಕ್ರೀಪ್ ಹೇಗಾಗುತ್ತದೆ? ಲೋಹವೇ ನಿಧಾನವಾಗಿ ವಿರೂಪಗೊಂಡರೆ ಅದು ಕ್ರೀಪ್. ಇದು ಬರೀ ಸ್ಲಿಪ್, ಘರ್ಷಣೆ ಸಾಲದು’ ಎಂದರು ಇನ್ನೊಬ್ಬರು. ಎರಡನೆಯವರು ಹೇಳಿದ್ದೇ ಸರಿ. ಆದರೆ ಇಬ್ಬರಲ್ಲಿ ಒಬ್ಬರಿಗೂ ಎದ್ದುಹೋಗಿ ತಿರುಪನ್ನು ಬಿಗಿಮಾಡಬೇಕೆಂದು ತೋಚಲಿಲ್ಲ.

ಅಧ್ಯಕ್ಷರು ಕೊನೆಗೆ ಮೈಕನ್ನು ಕಂಬದಿಂದ ಕಿತ್ತು ಕೈಯಲ್ಲಿ ಹಿಡಿದು ನೆಟ್ಟಗಾದರು, ಮತ್ತು ನೆಟ್ಟಗಾದ ಸಂತೋಷದಲ್ಲಿ ಧ್ವನಿವರ್ಧಕದ ಎದುರಿಗೇ ನಡೆದುಹೋದರು. ಒಡನೆಯೇ ಕಿವಿಯೊಳಗೆ ಸೂಜಿ ತೂರಿದಂಥ ಕಿರುಚು ಎದ್ದಿತು. ಧ್ವನಿವರ್ಧಕದಿಂದ ಹೊರಟ ಸದ್ದು ಮೈಕನ್ನು ಹೊಕ್ಕು, ದೊಡ್ಡದಾಗಿ ಹೊರಬಂದು, ಮತ್ತೆ ಮೈಕನ್ನೇ ಹೊಕ್ಕು ಇನ್ನೂ ದೊಡ್ಡದಾಗುವ ಈ ಸುತ್ತಾಟಕ್ಕೆ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ಹೆಸರಿನಿಂದ ‘ಲಾರ್ಸೆನ್ ಪರಿಣಾಮ’ ಎನ್ನುತ್ತಾರೆ. ಮದ್ದು ಸರಳ: ಮೈಕನ್ನು ಧ್ವನಿವರ್ಧಕದಿಂದ ದೂರ ಸರಿಸಬೇಕು, ಇಲ್ಲವೇ ಸದ್ದನ್ನು ತಗ್ಗಿಸಬೇಕು. ಸಭೆಯಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು, ತೊಂದರೆಯಾದದ್ದೇ ಅದರಿಂದ. ಒಬ್ಬರು ಓಡಿಬಂದು ಅಧ್ಯಕ್ಷರನ್ನು ಮೈಕಿನ ಸಮೇತ ಎರಡಡಿ ಎಡಕ್ಕೆ ಸರಿಸಿದರು. ಅದೇ ಗಳಿಗೆಯಲ್ಲಿ ಇನ್ನೊಬ್ಬರು ಧ್ವನಿವರ್ಧಕವನ್ನೂ ಎರಡಡಿ ಎಡಕ್ಕೆ ಸರಿಸಿದರು. ಮೂರನೆಯವರು ಸದ್ದು ತಗ್ಗಿಸಲು ಹೋಗಿ ಗುಂಡಿಯನ್ನು ಯಾವ ಕಡೆಗೆ ತಿರುಗಿಸಿದರೆಂಬುದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ.

ಇದೆಲ್ಲ ಏಳೆಂಟು ನಿಮಿಷಗಳ ಮಾತು. ನಿಜವಾದ ಸಂಕಟ ಪ್ರೊಜೆಕ್ಟರಿನದು, ಮತ್ತು ಅದರ ಹೊಣೆ ಪೂರ್ತಿಯಾಗಿ ನನ್ನದು.

ಹಿಂದಿನ ಕಾರ್ಯಕ್ರಮದಲ್ಲಿ ಅಡಾಪ್ಟರ್ ಇಲ್ಲದೆ ಪೇಚಿಗೆ ಸಿಲುಕಿದ್ದರಿಂದ, ಈ ಬಾರಿ ನಾನು ಒಂದಲ್ಲ, ಎರಡು ತಂದಿದ್ದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲಿ ಒಂದಲ್ಲವೇ? ಉಪನ್ಯಾಸಕಿಯ ಲ್ಯಾಪ್‌ಟಾಪಿಗೆ ಇದ್ದದ್ದು ಯುಎಸ್‌ಬಿ-ಸಿ ಎಂಬ ಪುಟ್ಟ ಬಾಯಿ ಮಾತ್ರ. ನನ್ನ ಎರಡೂ ಅಡಾಪ್ಟರ್‌ಗಳು ಅದನ್ನು 19 ಪಿನ್ನಿನ ಎಚ್‌ಡಿಎಂಐಗೆ ಬದಲಿಸುವಂಥವು. ಸಭಾಂಗಣದ ಚಾವಣಿಯಿಂದ ಇಳಿದುಬಂದಿದ್ದ ಕೇಬಲ್ಲಾದರೋ 1987ರಲ್ಲಿ ಬಳಕೆಗೆ ಬಂದ ವಿಜಿಎ ಜಾತಿಯದು, 15 ಪಿನ್ನಿನದು. ಮೊದಲನೆಯ ಅಡಾಪ್ಟರ್ ಹೊಂದಲಿಲ್ಲ. ನಾನು ಗಾಂಭೀರ್ಯದಿಂದ ಎರಡನೆಯದನ್ನು ಹೊರತೆಗೆದೆ. ಒಂದೇ ಪೊಟ್ಟಣದಲ್ಲಿ ಬಂದಿದ್ದ ಅವಳಿಗಳಾದ್ದರಿಂದ ಅದೂ ಹೊಂದಲಿಲ್ಲ.

‘ನೀವು ಸ್ವಲ್ಪ ಸರಿಯಿರಿ, ನಾನು ನೋಡುತ್ತೇನೆ’ ಎಂಬ ಮಾತು ಆಗ ಮೊದಲ ಸಲ ಕೇಳಿಬಂತು. ಎಂಜಿನಿಯರುಗಳ ಸಭೆಯಲ್ಲಿ ಏನಾದರೂ ಕೆಟ್ಟಾಗ ಅದನ್ನು ಸರಿಪಡಿಸಲು ಯಾರೂ ಬರುವುದಿಲ್ಲವೆಂಬ ಭಯವಿಲ್ಲ. ಎಲ್ಲರೂ ಬರುತ್ತಾರೆಂಬುದೇ ಭಯ. ಕೊನೆಯ ಎರಡು ಸಾಲುಗಳಿಂದ ಎಷ್ಟು ಕರೆದರೂ ಮುಂದೆ ಬಾರದಿದ್ದ ಜನ ಎರಡೇ ನಿಮಿಷದಲ್ಲಿ ವೇದಿಕೆಯ ಮೇಲಿದ್ದರು. ಒಬ್ಬರ ಚೀಲದಿಂದ ಎಚ್‌ಡಿಎಂಐಯನ್ನು ವಿಜಿಎ ಮಾಡುವ ಇನ್ನೊಂದು ಅಡಾಪ್ಟರ್ ಹೊರಬಂತು. ಕೇಬಲ್ಲಿನ ತುದಿಯಲ್ಲಿ ಒಂದು ಪಿನ್ನು ಮಲಗಿಬಿಟ್ಟಿತ್ತು. ಸಿವಿಲ್ ವಿಭಾಗದ ಸದಸ್ಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಉಸಿರು ಬಿಗಿಹಿಡಿದು, ಪೆನ್ನಿನ ರೀಫಿಲ್ಲಿನ ತುದಿಯಿಂದ ಅದನ್ನು ಕೂದಲೆಳೆಯಷ್ಟಷ್ಟೇ ಮೇಲೆತ್ತಿ ನಿಲ್ಲಿಸಿದರು. ಅಣೆಕಟ್ಟಿನ ಬಾಗಿಲು ಎತ್ತುವಾಗಲೂ ಅವರು ಅಷ್ಟು ಬೆವರಿರಲಾರರು. ಅಲ್ಲಿಗೆ ಲ್ಯಾಪ್‌ಟಾಪು, ಅಡಾಪ್ಟರು, ಅದರ ಬಾಲಕ್ಕೆ ಇನ್ನೊಂದು ಅಡಾಪ್ಟರು, ಅದರ ಬಾಲಕ್ಕೆ ಕೇಬಲ್ಲು ಎಂದು ಸರಪಳಿ ಪೂರ್ಣಗೊಂಡಿತು. ಪರದೆಯ ಮೇಲೆ ನೀಲಿ ಬಣ್ಣ ಹರಡಿ, ನಡುವೆ ‘ಸಿಗ್ನಲ್ ಇಲ್ಲ’ ಎಂಬ ಒಕ್ಕಣೆ ಮೂಡಿತು.

ಇಂಥ ಎರಡು ಯಂತ್ರಗಳು ಭೇಟಿಯಾದಾಗ ಮೊದಲು ಪರಸ್ಪರ ಪರಿಚಯ ಮಾಡಿಕೊಳ್ಳಬೇಕು. ನಿನ್ನ ಅಗಲವೆಷ್ಟು, ಎತ್ತರವೆಷ್ಟು ಎಂದು ಲ್ಯಾಪ್‌ಟಾಪು ಕೇಳಬೇಕು, ಪ್ರೊಜೆಕ್ಟರು ಉತ್ತರಿಸಬೇಕು. ನಡುವೆ ಇಷ್ಟೊಂದು ಮಧ್ಯಸ್ಥರಿದ್ದುದರಿಂದಲೋ ಏನೋ ಅವುಗಳ ನಡುವೆ ಮಾತು ಕುದುರಲಿಲ್ಲ. ಕಾಲ ಕಳೆಯಲೆಂದು ಅಧ್ಯಕ್ಷರು ಎಂಜಿನಿಯರುಗಳ ಸಂಘಗಳ ಇತಿಹಾಸಕ್ಕೆ ಕೈಹಾಕಿದರು. 1818ರಲ್ಲಿ ಲಂಡನ್ನಿನ ಕಾಫಿಮನೆಯೊಂದರಲ್ಲಿ ಕೆಲವು ಯುವಕರು ಸೇರಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯನ್ನು ಕಟ್ಟಿದ್ದು, ಅದು ಚೇತರಿಸಿಕೊಳ್ಳಲು 1820ರಲ್ಲಿ ಥಾಮಸ್ ಟೆಲ್‌ಫೋರ್ಡ್ ಅಧ್ಯಕ್ಷರಾಗಬೇಕಾಗಿ ಬಂದದ್ದು, ಎಲ್ಲವನ್ನೂ ಹೇಳಿದರು. ಅವರಿಗೆ ಪ್ರೊಜೆಕ್ಟರ್ ಇರಲಿಲ್ಲವೆಂಬ ಅಸೂಯೆ ಆ ಗಳಿಗೆಯಲ್ಲಿ ನನ್ನನ್ನು ಕಾಡಿತು. ಅಮೆರಿಕದಲ್ಲಿ 1884ರಲ್ಲಿ ಹುಟ್ಟಿದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆಯೂ 1912ರಲ್ಲಿ ಹುಟ್ಟಿದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯೂ 1963ರಲ್ಲಿ ಒಂದಾಗಿ ಐಇಇಇ ಆಯಿತು ಎನ್ನುವಲ್ಲಿಗೆ ಅವರು ಬಂದಾಗ, ವೇದಿಕೆಯ ಮೇಜಿನ ಕೆಳಗಿನಿಂದ ಒಂದು ದನಿ ಕೇಳಿಸಿತು: ‘ಸರ್, ಅವೆರಡು ಒಂದಾಗಲು ಅರ್ಧ ಶತಮಾನ ಹಿಡಿಯಿತು. ಇವೆರಡಕ್ಕೆ ಅರ್ಧ ಗಂಟೆಯಾದರೂ ಕೊಡಿ.’

ಅಷ್ಟು ಹೊತ್ತೂ ತುಟಿ ಬಿಚ್ಚದೆ ಕುಳಿತಿದ್ದ ಉಪನ್ಯಾಸಕಿ ಎದ್ದು, ಮೂಲೆಯಲ್ಲಿದ್ದ ಬಿಳಿ ಹಲಗೆಯ ಬಳಿಗೆ ಹೋದರು. ‘ಈ ಸಂಜೆ ನಡೆಯಲು ಏನೇನು ಬೇಕು, ಹೇಳಿ’ ಎಂದು ಕೇಳಿ, ಸಭಿಕರು ಹೇಳಿದಂತೆ ಒಂದೊಂದನ್ನೇ ಬರೆದರು: ವಿದ್ಯುತ್ತು, ಲ್ಯಾಪ್‌ಟಾಪು, ಎರಡು ಅಡಾಪ್ಟರು, ಕೇಬಲ್ಲು, ಪ್ರೊಜೆಕ್ಟರು, ಅದರ ರಿಮೋಟು, ಮೈಕು, ಆಂಪ್ಲಿಫಯರು, ಧ್ವನಿವರ್ಧಕ. ಒಟ್ಟು ಹತ್ತು. ಒಂದೊಂದರ ಎದುರಿಗೂ 0.95 ಎಂದು ಬರೆದರು. ಪ್ರತಿಯೊಂದೂ ನೂರಕ್ಕೆ ತೊಂಬತ್ತೈದು ಸಲ ಕೆಲಸ ಮಾಡುತ್ತದೆ ಎಂದಿಟ್ಟುಕೊಂಡರೂ, ಹತ್ತೂ ಒಟ್ಟಿಗೆ ಕೆಲಸ ಮಾಡುವ ಸಂಭವ ಅವೆಲ್ಲವುಗಳ ಗುಣಲಬ್ಧ. ಅದು ಸುಮಾರು 0.60. ‘ಅಂದರೆ ಹತ್ತು ಕಾರ್ಯಕ್ರಮಗಳಲ್ಲಿ ನಾಲ್ಕು ಹೀಗೆಯೇ ಆಗಬೇಕು. ನಿಮ್ಮದು ಲೆಕ್ಕದ ಪ್ರಕಾರವೇ ನಡೆಯುತ್ತಿದೆ’ ಎಂದರು. ಸಭೆಗೆ ಎಷ್ಟೋ ಸಮಾಧಾನವಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಆದರೆ ಅವರು ಮುಂದುವರಿದು, 0.95ರ ಎರಡು ಭಾಗಗಳನ್ನು ಸಮಾಂತರವಾಗಿ ಇಟ್ಟರೆ, ಅಂದರೆ ಎರಡರಲ್ಲಿ ಒಂದು ನಡೆದರೂ ಸಾಕೆಂದಾದರೆ, ವಿಶ್ವಸನೀಯತೆ 0.9975ಕ್ಕೆ ಏರುತ್ತದೆಂದು ತೋರಿಸಿದರು. ‘ಎರಡೂ ಒಂದೇ ಕಾರಣಕ್ಕೆ ಸೋಲುವಂತಿದ್ದರೆ ಮಾತ್ರ ಈ ಲೆಕ್ಕಕ್ಕೆ ಅರ್ಥವಿಲ್ಲ. ಉದಾಹರಣೆಗೆ...’ ಎಂದು, ಮೇಜಿನ ಮೇಲೆ ಹೊರಗೇ ಉಳಿದಿದ್ದ ನನ್ನ ಇನ್ನೊಂದು ಅಡಾಪ್ಟರನ್ನು ಬಾಲ ಹಿಡಿದು ಎತ್ತಿ ತೋರಿಸಿದರು. ನನ್ನ ಕಿವಿಗಳು ಬಿಸಿಯಾದವು.

ಸರಿಯಾಗಿ ಆಗಲೇ ಪ್ರೊಜೆಕ್ಟರು ತಾನಾಗಿ ಹೊತ್ತಿಕೊಂಡು, ಪರದೆಯ ತುಂಬ ‘ವ್ಯವಸ್ಥೆಗಳು ಏಕೆ ಕೈಕೊಡುತ್ತವೆ’ ಎಂಬ ಶೀರ್ಷಿಕೆಯನ್ನು ಬೀರಿತು. ಅದು ತಮ್ಮಿಂದಲೇ ಸರಿಯಾಯಿತೆಂದು ಮೂವರು ಹೇಳಿಕೊಂಡರು. ಈಗ ಅದು ಬೇಡ, ಕಣ್ಣಿಗೆ ಚುಚ್ಚುತ್ತದೆ, ಆರಿಸಿಬಿಡಿ ಎಂದು ಉಪನ್ಯಾಸಕಿ ಕೇಳಿಕೊಂಡರು. ರಿಮೋಟಿನ ಬ್ಯಾಟರಿ ಮುಗಿದಿತ್ತು.

ಉಪನ್ಯಾಸ ಚೆನ್ನಾಗಿಯೇ ಆಯಿತು. ಪ್ರಶ್ನೋತ್ತರದಲ್ಲಿ ‘ಇದು ಪ್ರಶ್ನೆಯಲ್ಲ, ನನ್ನ ಅನುಭವ’ ಎಂದು ಆರಂಭಿಸುವವರು ಎಂದಿನಂತೆ ಆರಂಭಿಸಿದರು. ನಾನು ಕುರ್ಚಿ ಜೋಡಿಸಲು ಹೋದೆ. ಹೊರಡುವಾಗ ಹಾಜರಿ ಪುಸ್ತಕದ ಬಳಿ ಸಣ್ಣದೊಂದು ತಕರಾರೂ ನಡೆಯಿತು. ವೃತ್ತಿ ಕೌಶಲದ ನಿರಂತರ ಕಲಿಕೆಯ ಲೆಕ್ಕಕ್ಕೆ ಈ ಉಪನ್ಯಾಸ ಒಂದು ಗಂಟೆ ಎಂದು ನಾನು ಬರೆದಿದ್ದೆ. ಪಿನ್ನು ನೆಟ್ಟಗೆ ಮಾಡಿದವರು ತಮಗೆ ಮಾತ್ರ ಒಂದು ಗಂಟೆ 47 ನಿಮಿಷ ಬರೆಯಬೇಕೆಂದೂ, ಆ 47 ನಿಮಿಷ ಪ್ರಾಯೋಗಿಕ ತರಬೇತಿಯೆಂದೂ ವಾದಿಸಿದರು. ನ್ಯಾಯ ಅವರ ಕಡೆಗೇ ಇತ್ತು, ಆದರೆ ನಮೂನೆಯಲ್ಲಿ ಅದಕ್ಕೆ ಅಂಕಣವಿರಲಿಲ್ಲ.

ಮುಂದಿನ ಸಮಿತಿ ಸಭೆಗೆ ನಾನು ಕಲಿತ ಪಾಠವನ್ನೆಲ್ಲ ಬಳಸಿ ಒಂದು ಟಿಪ್ಪಣಿ ಸಿದ್ಧಪಡಿಸಿದೆ: ಬೇರೆ ಬೇರೆ ತಯಾರಕರ, ವಿಜಿಎಗೂ ಹೊಂದುವ ಅಡಾಪ್ಟರ್‌ಗಳು, ಎರಡು. ನಮ್ಮ ಖಜಾಂಚಿಯವರು ಪಂಪ್‌ಹೌಸುಗಳ ವಿನ್ಯಾಸದಲ್ಲಿ ನುರಿತವರು. ಮೀಸಲು ಪಂಪಿಲ್ಲದ ನಕ್ಷೆಗೆ ಅವರು ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಸಹಿ ಹಾಕಿದವರಲ್ಲ. ಅವರು ಟಿಪ್ಪಣಿಯನ್ನು ಎರಡು ಸಲ ಓದಿ, 0.9975ನ್ನು ಅಂಚಿನಲ್ಲಿ ತಾವೇ ಗುಣಿಸಿ ನೋಡಿ, ‘ಲೆಕ್ಕ ಸರಿಯಾಗಿದೆ’ ಎಂದು ತಲೆದೂಗಿದರು. ಬಳಿಕ ಅದೇ ಪೆನ್ನಿನಿಂದ ‘ಎರಡು’ ಎಂಬುದನ್ನು ಹೊಡೆದುಹಾಕಿ, ‘ಒಂದು’ ಎಂದು ತಿದ್ದಿ, ಸಹಿ ಹಾಕಿದರು.